ಚಿತ್ರದುರ್ಗದ ಪೇಟೆ ಒಳಗೆ ಬಾಡಿಗೆ ಮನೆ: ಮಾಳಿಗೆ ಮನೆಯೋ, ಅಂಗಡಿ ಮೇಲಿನ ಮಹಡಿಯೋ, ವಠಾರವೋ, ಬಡಾವಣೆಯೋ?

ಚಿತ್ರದುರ್ಗಕ್ಕೆ ವರ್ಗವಾಗಿ ಬಂದವರು, ಮಕ್ಕಳ ಓದಿಗೆ ಅಂತ ಹಳ್ಳಿಯಿಂದ ಬರುವವರು, ಮದುವೆಯಾಗಿ ಬೇರೆ ಮನೆ ಮಾಡುವವರು, ಎಲ್ಲರಿಗೂ ಒಂದೇ ಗೊಂದಲ. ಪೇಟೆ ಒಳಗೆ ಮನೆ ಮಾಡೋದಾ, ಹೊರಗೆ ಬಡಾವಣೆಗೆ ಹೋಗೋದಾ? ಪೇಟೆ ಒಳಗೆ ಅಂದರೆ ದೊಡ್ಡಪೇಟೆ, ಚಿಕ್ಕಪೇಟೆ, ಸಂತೆಪೇಟೆ, ಆನೆಬಾಗಿಲು, ಲಕ್ಷ್ಮಿ ಬಜಾರ್, ಗಾಂಧಿ ವೃತ್ತದ ಸುತ್ತಮುತ್ತ, ಕೋಟೆಗೆ ಹೋಗುವ ರಸ್ತೆಯ ಅಕ್ಕಪಕ್ಕದ ಓಣಿಗಳು. ಏಳು ಸುತ್ತಿನ ಕೋಟೆ ಇಲ್ಲಿ ಬೆಟ್ಟದ ಮೇಲೆ ಮಾತ್ರ ಇಲ್ಲ. ಅದರ ಕೆಳಗಿನ ಸುತ್ತುಗಳ ಗೋಡೆ, ಬಾಗಿಲು ಊರೊಳಗೇ ಬಂದಿವೆ. ಹಾಗಾಗಿ ಇಲ್ಲಿ ಮನೆ ಹುಡುಕುವುದೂ ಬೇರೆ ಊರಿನ ಹಾಗಲ್ಲ.

ಆಯ್ಕೆ ಸಾಮಾನ್ಯವಾಗಿ ನಾಲ್ಕು ಥರ. ದಪ್ಪ ಗೋಡೆಯ, ಮಣ್ಣಿನ ಚಾವಣಿಯ ಹಳೇ ಮಾಳಿಗೆ ಮನೆ ಅಥವಾ ಹೆಂಚಿನ ಮನೆ. ದೊಡ್ಡ ರಸ್ತೆಯಲ್ಲಿ ಅಂಗಡಿ ಮೇಲಿನ ಮಹಡಿ. ಸಾಲು ಮನೆಗಳ ವಠಾರ. ಇದು ಯಾವುದೂ ಬೇಡ ಅಂದರೆ ಬಡಾವಣೆಯಲ್ಲಿ ಒಂದನೇ ಮಹಡಿ ಅಥವಾ ಫ್ಲಾಟ್. ಬಾಡಿಗೆ ಎಷ್ಟು ಅಂತ ನೋಡಿ ಆರಿಸುವವರೇ ಜಾಸ್ತಿ. ನಾನು ಕೇಳಿದವರಿಗೆಲ್ಲ ಹೇಳುವುದು ಇಷ್ಟೇ: ಮೊದಲು ಓಣಿ ಆರಿಸಿ, ಆಮೇಲೆ ಮನೆ. ಮನೆಯ ನಲ್ಲಿ ಸೋರಿದರೆ ರಿಪೇರಿ ಮಾಡಿಸಬಹುದು. ಓಣಿಗೆ ನೀರೇ ಏರದಿದ್ದರೆ, ಗಾಡಿ ನಿಲ್ಲಿಸಲು ಜಾಗವೇ ಇಲ್ಲದಿದ್ದರೆ ಎಷ್ಟು ಒಳ್ಳೇ ಮನೆ ಸಿಕ್ಕರೂ ಆರು ತಿಂಗಳಿಗೆ ಸಾಕಾಗಿ ಹೋಗುತ್ತದೆ.

ಮೊದಲು ನೀರು

ಊರಿಗೆ ನೀರು ಬರುವುದು ಎರಡು ಕಡೆಯಿಂದ. ಒಂದು ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ನಮ್ಮ ಬಾಯಲ್ಲಿ ಸೂಳೆಕೆರೆ. ಇನ್ನೊಂದು ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ. ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಆ ವರ್ಷ ಊರಿಗೆ ಊರೇ ಹೋಗಿ ನೋಡಿಕೊಂಡು ಬಂತು. ಆದರೆ ಡ್ಯಾಮ್ ತುಂಬಿದೆ ಅಂದ ಮಾತ್ರಕ್ಕೆ ನಿಮ್ಮ ನಲ್ಲಿಯಲ್ಲಿ ದಿನಾ ನೀರು ಬರುತ್ತದೆ ಅಂದುಕೊಳ್ಳಬೇಡಿ. ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಎಷ್ಟು ಹೊತ್ತು ಬಿಡುತ್ತಾರೆ ಎನ್ನುವುದು ಓಣಿಯಿಂದ ಓಣಿಗೆ ಬೇರೆ. ಪೈಪು ಹೇಗೆ ಹಾಕಿದ್ದಾರೆ, ವಾಲ್ವ್ ಎಲ್ಲಿದೆ, ಮನೆ ಎಷ್ಟು ಎತ್ತರದಲ್ಲಿದೆ ಎನ್ನುವುದರ ಮೇಲೆ ಅದು ನಿಂತಿದೆ.

ಎತ್ತರದ ಮಾತು ಇಲ್ಲಿ ಮುಖ್ಯ. ಕೋಟೆ ಕಡೆ ಹೋದ ಹಾಗೆ ನೆಲ ಏರುತ್ತದೆ. ಒಂದೇ ಓಣಿಯಲ್ಲಿ ಕೆಳಗಿನ ತುದಿಯ ಮನೆಗೆ ಭರ್ತಿ ನೀರು, ಮೇಲಿನ ತುದಿಯ ಮನೆಗೆ ಬೆರಳು ಗಾತ್ರದ ಧಾರೆ. ಇದನ್ನು ಓನರ್ ಹೇಳುವುದಿಲ್ಲ. ಪಕ್ಕದ ಮನೆ ಕಟ್ಟೆ ಮೇಲೆ ಕೂತಿರುವ ಅಜ್ಜಿ ಹೇಳುತ್ತಾರೆ. ದೊಡ್ಡಪೇಟೆ ಕಡೆಯ ಒಂದು ಓಣಿಯಲ್ಲಿ ನನ್ನ ಸಂಬಂಧಿಕರಿಗೆ ಮನೆ ನೋಡುವಾಗ ಹಾಗೇ ಕೇಳಿದೆ.

“ಅಜ್ಜೀ, ನಲ್ಲಿ ನೀರು ಯಾವಾಗ ಬರುತ್ತೆ?”

“ಬಿಟ್ಟಾಗ ಬರ್ತದೆ ಕಣಪ್ಪ. ರಾತ್ರಿ ಹನ್ನೊಂದಕ್ಕೂ ಬಿಡ್ತಾರೆ, ಬೆಳಗಿನ ಜಾವಕ್ಕೂ ಬಿಡ್ತಾರೆ. ನೀವು ನೋಡಕ್ ಬಂದಿರೋ ಮನಿಗೆ ಮಾತ್ರ ಸರ್ಯಾಗಿ ಏರಲ್ಲ ನೋಡು. ಅದು ಎತ್ತರದಾಗೈತೆ.”

ಆ ಒಂದು ಮಾತಿನ ಬೆಲೆ ಅಡ್ವಾನ್ಸ್ ದುಡ್ಡಿಗಿಂತ ಜಾಸ್ತಿ. ಅಜ್ಜಿ ಸಿಗದಿದ್ದರೆ ಆ ಭಾಗಕ್ಕೆ ವಾಲ್ವ್ ತಿರುಗಿಸಿ ನೀರು ಬಿಡುವ ನೀರುಗಂಟಿಯನ್ನು ಹುಡುಕಿ ಮಾತಾಡಿಸಿ. ಯಾವ ಮನೆಗೆ ನೀರು ಏರುತ್ತದೆ, ಯಾವುದಕ್ಕೆ ಇಲ್ಲ ಅಂತ ಅವರಿಗೆ ಬಾಯಿಪಾಠ.

ಆಮೇಲೆ ಸಂಪು. ನಾಲ್ಕು ಜನರ ಮನೆಗೆ ಸ್ನಾನ, ಬಟ್ಟೆ, ಪಾತ್ರೆ, ಟಾಯ್ಲೆಟ್ ಎಲ್ಲ ಸೇರಿ ತಲೆಗೆ 100 ಲೀಟರ್ ಹಿಡಿದರೂ ದಿನಕ್ಕೆ 400 ಲೀಟರ್ ಬೇಕು. ನೀರು ಐದು ದಿನಕ್ಕೊಮ್ಮೆ ಬರುತ್ತದೆ ಅಂತಿಟ್ಟುಕೊಳ್ಳಿ. 2,000 ಲೀಟರ್ ಆಯಿತು. ಪೈಪು ಒಡೆದು ಒಂದು ದಿನ ತಡವಾದರೆ 2,400. ಮೇಲೆ 1,000 ಲೀಟರಿನ ಸಿಂಟೆಕ್ಸ್ ಇದೆ ಎಂದರೆ ಅರ್ಧವೂ ಆಗಲಿಲ್ಲ. ಸಂಪಿನ ಉದ್ದ, ಅಗಲ, ಆಳ ಅಡಿಯಲ್ಲಿ ಅಳೆದು ಗುಣಿಸಿ, ಬಂದಿದ್ದನ್ನು 28ರಿಂದ ಗುಣಿಸಿದರೆ ಸುಮಾರು ಎಷ್ಟು ಲೀಟರ್ ಹಿಡಿಯುತ್ತದೆ ಗೊತ್ತಾಗುತ್ತದೆ. ಆರಡಿ ಉದ್ದ, ಐದಡಿ ಅಗಲ, ನಾಲ್ಕಡಿ ಆಳ ಇದ್ದರೆ 3,360 ಲೀಟರ್. ಒಂದು ಸಂಸಾರಕ್ಕೆ ಧಾರಾಳ. ಅದೇ ಸಂಪನ್ನು ಮೂರು ಮನೆ ಹಂಚಿಕೊಂಡರೆ ಸಾಲದು. ಮುಚ್ಚಳ ತೆಗೆಸಿ ಒಳಗೆ ನೋಡಿ. ಗೋಡೆಯ ಮೇಲೆ ನೀರಿನ ಗೆರೆ ಇರುತ್ತದೆ. ಗೆರೆ ತಳದಲ್ಲೇ ಇದ್ದರೆ ಆ ಸಂಪು ಯಾವತ್ತೂ ತುಂಬಿಲ್ಲ ಅಂತ ಅರ್ಥ.

ಬೋರ್‌ವೆಲ್ ಇದೆ ಎಂದರೆ ಬಳಕೆಗೆ ಸರಿ. ಕುಡಿಯಲು ಬೇಡ. ನಮ್ಮ ಜಿಲ್ಲೆಯ ಎಷ್ಟೋ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಶುದ್ಧ ನೀರಿನ ಘಟಕ ಎಷ್ಟು ದೂರ, 20 ಲೀಟರ್ ಕ್ಯಾನು ಹೊತ್ತು ತರುವವರು ಯಾರು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಮಹಡಿ ಮನೆಯಾದರೆ ಇದು ದಿನಾ ಕಾಡುವ ವಿಷಯ.

ಹಳೇ ಮಾಳಿಗೆ ಮನೆ

ನನಗೆ ಇಷ್ಟವಾದ ಮನೆ ಇದೇ, ಮುಚ್ಚಿಡುವುದೇನು. ಬೀದಿಗೆ ಕಟ್ಟೆ, ಒಳಗೆ ಪಡಸಾಲೆ, ನಡುಮನೆ, ಕತ್ತಲೆ ಕೋಣೆ, ಹಿಂದೆ ಅಡುಗೆಮನೆ, ಬಚ್ಚಲು. ಕಲ್ಲು ಮಣ್ಣಿನ ದಪ್ಪ ಗೋಡೆ. ಮೇಲೆ ತೊಲೆ, ಜಂತೆ, ಅದರ ಮೇಲೆ ಮಣ್ಣಿನ ಮಾಳಿಗೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗೆ ಕಾದ ಹೆಂಚಿನಂಥ ಬಿಸಿಲು. ಒಳಗೆ ಬರಿ ನೆಲದ ಮೇಲೆ ಮಲಗಿದರೆ ಫ್ಯಾನ್ ಕೂಡ ಬೇಡ ಅನಿಸುತ್ತದೆ. ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿ ಅದೇ ಹೊತ್ತಿಗೆ ನಿಲ್ಲೋಕಾಗಲ್ಲ. ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆಗೆ ಈ ಒಂದು ಕಾರಣವೇ ಸಾಕು.

ಆದರೆ ಇಷ್ಟ ಅಂತ ಕಣ್ಣು ಮುಚ್ಚಿ ಒಪ್ಪಬಾರದು. ಮೊದಲು ತಲೆ ಎತ್ತಿ ತೊಲೆ ನೋಡಿ. ತೊಲೆ ಗೋಡೆಯೊಳಗೆ ಸೇರುವ ತುದಿ ಇರುತ್ತದಲ್ಲ, ಅಲ್ಲಿ ಕಪ್ಪಾಗಿದ್ದರೆ ನೀರು ಇಳಿದಿದೆ. ಒಂದು ಕೋಲಿನಿಂದ ತಟ್ಟಿ ನೋಡಿ. ಗಟ್ಟಿ ಮರ ಗಟ್ಟಿಯಾಗೇ ಕೇಳುತ್ತದೆ. ಟೊಳ್ಳು ಸದ್ದು ಬಂದರೆ, ಕೆಳಗೆ ನುಣ್ಣನೆ ಪುಡಿ ಬಿದ್ದಿದ್ದರೆ, ಒಳಗೆ ಹುಳ ಅಥವಾ ಗೆದ್ದಲು ಕೆಲಸ ಮಾಡುತ್ತಿದೆ. ಹೊಸದಾಗಿ ಸುಣ್ಣ ಬಣ್ಣ ಹೊಡೆದಿದ್ದರೆ ಇನ್ನೂ ಹುಷಾರಾಗಿರಿ. ಗೋಡೆಯ ಬುಡದಲ್ಲಿ, ನೆಲದಿಂದ ಎರಡು ಅಡಿ ಎತ್ತರದವರೆಗೆ ಕೈ ಇಟ್ಟು ನೋಡಿ. ತೇವ ಏರಿದ ಗೋಡೆ ತಣ್ಣಗೆ ಕೈಗೆ ಅಂಟುತ್ತದೆ, ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಅಲ್ಲಿ ಬಟ್ಟೆ ಬೀರು, ಪುಸ್ತಕ ಇಡಲು ಆಗುವುದಿಲ್ಲ. ಉಬ್ಬಸ ಇರುವವರಿಗಂತೂ ಆ ಕೋಣೆ ಬೇಡವೇ ಬೇಡ.

ಮಾಳಿಗೆ ಮೇಲೆ ಹತ್ತಿ ನೋಡುವುದನ್ನು ಮರೆಯಬೇಡಿ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಕರಲು ಮಣ್ಣು ಹಾಕಿ ಬಿರುಕು ಮುಚ್ಚುತ್ತಿದ್ದರು. ಈಗ ಆ ಕೆಲಸ ಬಲ್ಲವರು ಕಡಿಮೆ. ಹಾಗಾಗಿ ಸುಮಾರು ಮಂದಿ ಮೇಲೆ ಸಿಮೆಂಟ್ ಗಾರೆ ಎಳೆದಿದ್ದಾರೆ, ಇಲ್ಲವೇ ತಗಡು ಹಾಕಿದ್ದಾರೆ. ಸಿಮೆಂಟ್ ಬಿರುಕು ಬಿಟ್ಟರೆ ನೀರು ಒಳಗಿನ ಮಣ್ಣಿಗೆ ಇಳಿದು ಅಲ್ಲೇ ಕೂತುಬಿಡುತ್ತದೆ. ತೊಲೆ ಕೊಳೆಯುವುದು ಹೀಗೆ. ಹೆಂಚಿನ ಮನೆಯಾದರೆ ಕೋಟೆಯ ಕೋತಿಗಳ ವಿಷಯ ಕೇಳಿ. ಕೋಟೆ ಹತ್ತಿರದ ಓಣಿಗಳಲ್ಲಿ ಅವು ಹೆಂಚು ಸರಿಸುತ್ತವೆ, ಸಿಂಟೆಕ್ಸ್ ಮುಚ್ಚಳ ಕೀಳುತ್ತವೆ, ಒಣಗಲು ಹಾಕಿದ ಹಪ್ಪಳ ಉಳಿಸುವುದಿಲ್ಲ. ಕಿಟಕಿಗೆ ಜಾಲರಿ, ಟ್ಯಾಂಕಿನ ಮುಚ್ಚಳಕ್ಕೆ ಕಟ್ಟು ಇದೆಯಾ ನೋಡಿ.

ಟಾಯ್ಲೆಟ್ ಆಮೇಲೆ ಕಟ್ಟಿದ್ದಾಗಿರುತ್ತದೆ. ಎಷ್ಟೋ ಕಡೆ ಹಿತ್ತಲಲ್ಲಿ. ರಾತ್ರಿ ಮಳೆಯಲ್ಲಿ ವಯಸ್ಸಾದವರು ಅಲ್ಲಿಗೆ ಹೋಗಬೇಕಾ? ಯುಜಿಡಿ (ಒಳಚರಂಡಿ) ಸಂಪರ್ಕ ಇದೆಯಾ, ಪಿಟ್ ಇದೆಯಾ? ಪಿಟ್ ಆದರೆ ಸಕ್ಕಿಂಗ್ ಗಾಡಿ ಓಣಿಯೊಳಗೆ ಬರುತ್ತದಾ? ವೈರಿಂಗ್ ಹಳೇದಾದರೆ ಫ್ರಿಜ್, ಗೀಸರ್, ಮಿಕ್ಸಿ ಒಟ್ಟಿಗೆ ಹಾಕಿ ನೋಡೋಕೆ ಒಬ್ಬ ಎಲೆಕ್ಟ್ರಿಷಿಯನ್ ಕರೆದುಕೊಂಡು ಹೋಗಿ.

ಕೋಟೆಗೆ ತೀರಾ ಹತ್ತಿರದ ಮನೆಗಳಿಗೆ ಇನ್ನೊಂದು ಮಾತಿದೆ. ಹೊಸದಾಗಿ ಬರುವವರಿಗೆ ಇದು ಗೊತ್ತಿರಲ್ಲ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಕಾಯ್ದೆ ಪ್ರಕಾರ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವ ಹಾಗಿಲ್ಲ. ಹಳೇ ಮನೆಯ ದುರಸ್ತಿಗೂ ಅನುಮತಿ ಬೇಕು. ಇದರಿಂದ ಬಾಡಿಗೆದಾರರಿಗೆ ಏನು? “ನೀವು ಬನ್ನಿ, ಆಮೇಲೆ ಹಿಂದೆ ಒಂದು ಅಟ್ಯಾಚ್ ಬಾತ್‌ರೂಮ್ ಕಟ್ಟಿಸಿಕೊಡ್ತೀನಿ” ಎಂದು ಓನರ್ ಹೇಳಿದರೆ, ಅದು ಅವರ ಕೈಯಲ್ಲೇ ಇಲ್ಲದಿರಬಹುದು. ಇನ್ನು ಕೆಲವರು ಮಾಳಿಗೆ ಸೋರುತ್ತದೆ ಎಂದರೆ “ಪುರಾತತ್ವದವರು ಮುಟ್ಟೋಕೆ ಬಿಡಲ್ಲ” ಅಂತ ಕೈ ತೊಳೆದುಕೊಳ್ಳುತ್ತಾರೆ. ಅದೂ ಪೂರ್ತಿ ನಿಜವಲ್ಲ. ಅನುಮತಿ ಪಡೆದು ದುರಸ್ತಿ ಮಾಡಿಸಲು ದಾರಿ ಇದೆ. ಹಾಗಾಗಿ ಕೋಟೆ ಗೋಡೆ ಕಣ್ಣಿಗೆ ಕಾಣುವ ಓಣಿಯಲ್ಲಿ ಮನೆ ಹಿಡಿಯುವುದಾದರೆ, ಏನು ರಿಪೇರಿ ಬೇಕೋ ಅದು ಮುಗಿದ ಮೇಲೆಯೇ ಅಡ್ವಾನ್ಸ್ ಕೊಡಿ.

ಈ ನಿಯಮವನ್ನು ಬೈಯುವವರು ತುಂಬಾ ಜನ. ನಾನು ಬೈಯುವುದಿಲ್ಲ. ಆ ಗೋಡೆ ಇರುವುದರಿಂದಲೇ ಈ ಊರು ಈ ಊರಾಗಿದೆ. ಆದರೆ ಅಲ್ಲಿ ವಾಸ ಮಾಡುವವರ ಮಾಳಿಗೆ ಸೋರದಂತೆ ನೋಡಿಕೊಳ್ಳಲು ಅನುಮತಿ ಬೇಗ ಸಿಗಬೇಕು. ಜನ ಬಿಟ್ಟುಹೋದ ಹಳೇ ಮನೆ ಬಹಳ ದಿನ ನಿಲ್ಲುವುದಿಲ್ಲ.

ಅಂಗಡಿ ಮೇಲಿನ ಮಹಡಿ

ಬಿ.ಡಿ. ರಸ್ತೆ, ಲಕ್ಷ್ಮಿ ಬಜಾರ್ ಕಡೆ ಕೆಳಗೆ ಅಂಗಡಿ, ಮೇಲೆ ಮನೆ. ಬ್ಯಾಂಕು, ಔಷಧಿ ಅಂಗಡಿ, ದಿನಸಿ, ಬಟ್ಟೆ ಎಲ್ಲ ಮೆಟ್ಟಿಲು ಇಳಿದರೆ ಸಾಕು. ಮನೆಯಲ್ಲಿ ಒಬ್ಬರೇ ಇರುವವರಿಗೆ, ಬೆಳಿಗ್ಗೆ ಹೋಗಿ ರಾತ್ರಿ ಬರುವ ದಂಪತಿಗಳಿಗೆ ಇದು ಒಳ್ಳೇದು. ಮಧ್ಯಾಹ್ನ ಮಗು ಮಲಗಿಸಬೇಕಾದ ಮನೆಗೆ ಕಷ್ಟ.

ಕೆಳಗಿನ ಅಂಗಡಿ ಯಾವುದು ಅಂತ ಮೊದಲು ನೋಡಿ. ಬಟ್ಟೆ ಅಂಗಡಿ, ಪುಸ್ತಕದ ಅಂಗಡಿ ಆದರೆ ರಾತ್ರಿ ಬಾಗಿಲು ಹಾಕಿದ ಮೇಲೆ ನೆಮ್ಮದಿ. ಹೋಟೆಲ್ ಆದರೆ ಬೆಳಗಿನ ಜಾವವೇ ಗ್ರೈಂಡರ್ ಸದ್ದು, ಎಣ್ಣೆ ಹೊಗೆ, ಜಿರಳೆ. ಬೇಕರಿ ಆದರೆ ಓವನ್ ಬಿಸಿ ನಿಮ್ಮ ನೆಲಕ್ಕೇ ಬರುತ್ತದೆ. ಮೆಟ್ಟಿಲಿಗೆ ರಾತ್ರಿ ಶಟರ್ ಎಳೆಯುತ್ತಾರಾ, ಕೀಲಿ ನಿಮಗೂ ಒಂದು ಕೊಡುತ್ತಾರಾ ಕೇಳಿ. ರಾತ್ರಿ ಎರಡು ಗಂಟೆಗೆ ಯಾರಿಗಾದರೂ ಹುಷಾರಿಲ್ಲದೆ ಆಸ್ಪತ್ರೆಗೆ ಓಡಬೇಕಾದರೆ ಕೀಲಿ ಬೇರೆಯವರ ಹತ್ತಿರ ಇರಬಾರದು. ಹೊರಗೆ ಹೋಗಲು ಒಂದೇ ಕಿರಿದಾದ ಮೆಟ್ಟಿಲು, ಅದರ ಕೆಳಗೇ ರಟ್ಟಿನ ಡಬ್ಬ, ಥರ್ಮೋಕೋಲ್ ರಾಶಿ ಇದ್ದರೆ ಆ ಮನೆ ಬಿಟ್ಟುಬಿಡಿ. ಬೆಂಕಿ ಬಿದ್ದರೆ ಇಳಿಯಲು ದಾರಿಯೇ ಇರಲ್ಲ.

ಕರೆಂಟ್ ಮೀಟರ್ ವಿಷಯದಲ್ಲೂ ಇಲ್ಲಿ ಮೋಸ ಹೋಗುವುದು ಸುಲಭ. ಅಂಗಡಿಗೂ ಮನೆಗೂ ಒಂದೇ ಮೀಟರ್ ಇದ್ದರೆ ಅದು ವಾಣಿಜ್ಯ ಸಂಪರ್ಕ ಆಗಿರುತ್ತದೆ. ದರ ಜಾಸ್ತಿ, ರಾಜ್ಯ ಸರ್ಕಾರದ ಬಿಟ್ಟಿ ಕರೆಂಟ್ ಯೋಜನೆ ಗೃಹಜ್ಯೋತಿಯೂ ಸಿಗಲ್ಲ. 2023ರಲ್ಲಿ ಶುರುವಾದ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಆದರೆ ಮನೆಗೆ ಪ್ರತ್ಯೇಕ ಗೃಹ ಬಳಕೆಯ ಆರ್.ಆರ್. ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ) ಇರಬೇಕು, ಅದಕ್ಕೆ ನಿಮ್ಮ ಆಧಾರ್ ಜೋಡಿಸಬೇಕು. ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಅದಕ್ಕೇ ಅಂಟಿಕೊಂಡಿದ್ದರೆ ಮೊದಲು ಅದನ್ನು ಬಿಡಿಸಬೇಕು. ನೀವೂ ಹಳೇ ಮನೆಯದನ್ನು ಬಿಡಿಸಿಯೇ ಬನ್ನಿ. ಎಲ್ಲರಿಗೂ 200 ಯೂನಿಟ್ ಪೂರ್ತಿ ಬಿಟ್ಟಿ ಅಂದುಕೊಳ್ಳಬೇಡಿ. ಹಿಂದಿನ ಸರಾಸರಿ ಬಳಕೆ ಮೇಲೆ ಮಿತಿ ಇದೆ. ಓನರ್ ಹತ್ತಿರ ಹಳೇ ಬೆಸ್ಕಾಂ ಬಿಲ್ ಕೇಳಿ ನೋಡಿ.

ವಠಾರ

ವಠಾರದ ಬಗ್ಗೆ ಜನ ಮೂಗು ಮುರಿಯುತ್ತಾರೆ. ನನಗದು ಸರಿ ಅನಿಸುವುದಿಲ್ಲ. ಹೆರಿಗೆಯಾದ ಹೊಸತರಲ್ಲಿ, ಗಂಡ ಪಾಳಿ ಕೆಲಸಕ್ಕೆ ಹೋಗುವ ಮನೆಯಲ್ಲಿ, ಒಂಟಿ ಹೆಣ್ಣುಮಗಳಿಗೆ, ಪಕ್ಕದ ಬಾಗಿಲು ತಟ್ಟಿದರೆ ಓಡಿಬರುವ ಜನ ಎಲ್ಲಿ ಸಿಗುತ್ತಾರೆ? ಅದಕ್ಕೆ ಬದಲಾಗಿ ಕೊಡಬೇಕಾದ್ದೂ ಇದೆ. ಯಾರು ಬಂದರು, ಯಾರು ಹೋದರು, ಏನು ಅಡುಗೆ, ಎಲ್ಲ ಎಲ್ಲರಿಗೂ ಗೊತ್ತು. ಟಾಯ್ಲೆಟ್ ಹಂಚಿಕೊಳ್ಳುವುದಾದರೆ ಬೆಳಿಗ್ಗೆ ಏಳರಿಂದ ಎಂಟರ ನಡುವೆ ಹೋಗಿ ನೋಡಿ, ಗೊತ್ತಾಗುತ್ತದೆ. ಮೀಟರ್ ಒಂದೇ ಇದ್ದು ಬಿಲ್ ಹಂಚಿಕೊಳ್ಳುವ ವಠಾರವಾದರೆ ಬೇಡ ಅನ್ನಿ. ಎಲ್ಲ ಮನೆ ಸೇರಿ ಗೃಹಜ್ಯೋತಿ ಮಿತಿ ದಾಟುತ್ತದೆ, ಜಗಳ ಶುರುವಾಗುತ್ತದೆ.

ಬಡಾವಣೆ

ಜೆ.ಸಿ.ಆರ್. ಬಡಾವಣೆ, ಐ.ಯು.ಡಿ.ಪಿ. ಬಡಾವಣೆ, ಮೆದೇಹಳ್ಳಿ ರಸ್ತೆ, ತುರುವನೂರು ರಸ್ತೆ ಕಡೆ ಕೆಳಗೆ ಓನರ್, ಮೇಲೆ ಬಾಡಿಗೆಗೆ ಎನ್ನುವ ಮನೆಗಳೇ ಜಾಸ್ತಿ. ಬೆಂಗಳೂರಿನ ಥರ ದೊಡ್ಡ ಅಪಾರ್ಟ್‌ಮೆಂಟ್ ಇಲ್ಲಿ ಕಡಿಮೆ. ಗಾಡಿಗೆ ಜಾಗ, ಗಾಳಿ, ಬೆಳಕು, ಅಟ್ಯಾಚ್ ಬಾತ್‌ರೂಮ್, ಮಕ್ಕಳಿಗೆ ಸೈಕಲ್ ಹೊಡೆಯಲು ರಸ್ತೆ ಎಲ್ಲ ಸಿಗುತ್ತದೆ. ಕಾರು ಇರುವವರು ಪೇಟೆ ಆಸೆ ಬಿಟ್ಟು ನೇರವಾಗಿ ಇಲ್ಲಿಗೇ ಬನ್ನಿ. ಪೇಟೆ ಓಣಿಯಲ್ಲಿ ಕಾರು ದಿನಾ ಜಗಳದ ಮೂಲ.

ಆದರೆ ಖರ್ಚಿನ ಲೆಕ್ಕ ಹಾಕುವಾಗ ಬಾಡಿಗೆ ಒಂದನ್ನೇ ಹಿಡಿಯಬೇಡಿ. ಸುಮ್ನೆ ಉದಾಹರಣೆಗೆ, ಬಡಾವಣೆ ಮನೆ ಪೇಟೆ ಮನೆಗಿಂತ ತಿಂಗಳಿಗೆ 1,500 ರೂಪಾಯಿ ಕಡಿಮೆ ಅಂತಿಟ್ಟುಕೊಳ್ಳಿ. ಮನೆಯಲ್ಲಿ ಗಾಡಿ ಇಲ್ಲ, ಶಾಲೆಗೆ, ಮಾರ್ಕೆಟ್ಟಿಗೆ ಸೇರಿ ದಿನಕ್ಕೆ ಆಟೋಗೆ 100 ರೂಪಾಯಿ. 25 ದಿನಕ್ಕೆ 2,500 ಆಯಿತು. ಅಲ್ಲಿಗೆ ಪೇಟೆ ಮನೆಯೇ 1,000 ರೂಪಾಯಿ ಅಗ್ಗ. ಗಾಡಿ ಓಡಿಸದ ಅಪ್ಪ ಅಮ್ಮ ಮನೆಯಲ್ಲಿದ್ದರೆ ಲೆಕ್ಕ ದುಡ್ಡಿಗಿಂತ ಮುಂದೆ ಹೋಗುತ್ತದೆ. ಪೇಟೆಯಲ್ಲಿ ಅವರು ತಾವೇ ನಡೆದು ಹೋಗಿ ತರಕಾರಿ ತರುತ್ತಾರೆ, ದೇವಸ್ಥಾನಕ್ಕೆ ಹೋಗುತ್ತಾರೆ, ನಾಲ್ಕು ಜನರ ಹತ್ತಿರ ಮಾತಾಡಿ ಬರುತ್ತಾರೆ. ಬಡಾವಣೆಯಲ್ಲಿ ಸಂಜೆ ನೀವು ಬರುವವರೆಗೆ ಕಾಯುತ್ತಾರೆ. ವಯಸ್ಸಾದವರು ಇದ್ದಾರೆ ಅಂತ “ಶಾಂತವಾದ ಜಾಗ” ಹುಡುಕುವವರು ಅವರನ್ನೇ ಒಂದು ಮಾತು ಕೇಳಿ. ಶಾಂತಿ ಅವರಿಗೆ ಬೇಕಿರುವುದಿಲ್ಲ.

ಸದ್ದು, ಜಾತ್ರೆ, ಜನ

ಪೇಟೆ ಅಂದರೆ ಸದ್ದು ಇದ್ದೇ ಇರುತ್ತದೆ. ಸರಕು ಇಳಿಸುವ ಲಗೇಜ್ ಆಟೋ, ದೇವಸ್ಥಾನದ ಗಂಟೆ, ಆಜಾನ್, ಮೈಕು. ದೊಡ್ಡಪೇಟೆಯ ರಾಜಬೀದಿಯಲ್ಲಿ ಊರ ದೇವತೆಗಳಾದ ಬರಗೇರಮ್ಮ, ತಿಪ್ಪಿನಘಟ್ಟಮ್ಮ ಅಕ್ಕ ತಂಗಿಯರ ಭೇಟಿ ನಡೆಯುವ ದಿನ ನಿಮ್ಮ ಮನೆ ಕಟ್ಟೆಯೂ ಊರಿನದೇ. ಅಪರಿಚಿತರು ಬಂದು ಕೂರುತ್ತಾರೆ, ನೀರು ಕೇಳುತ್ತಾರೆ, ಕೊಡಬೇಕು. ಹಿಂದೂ ಮಹಾಗಣಪತಿ ಶೋಭಾಯಾತ್ರೆಯ ದಿನ ದೊಡ್ಡ ರಸ್ತೆಯ ಮನೆಯಿಂದ ಗಾಡಿ ತೆಗೆಯುವ ಮಾತೇ ಇಲ್ಲ. ಇಂಥ ದಿನಗಳನ್ನು ತೊಂದರೆ ಅಂತ ಎಣಿಸುವವರು ಬಡಾವಣೆ ಆರಿಸುವುದೇ ಒಳ್ಳೇದು. ಮನೆ ಬಾಗಿಲಲ್ಲೇ ದೇವರು ಹೋಗುವುದನ್ನು ನೋಡುವ ಭಾಗ್ಯ ಅಂದುಕೊಳ್ಳುವವರಿಗೆ ಪೇಟೆ. ದಿನನಿತ್ಯದ ಮೈಕಿನ ಮಾತು ಬೇರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ ಎಂದು 2000ದ ಶಬ್ದಮಾಲಿನ್ಯ ನಿಯಮವೇ ಹೇಳುತ್ತದೆ. 112ಕ್ಕೆ ಕರೆ ಮಾಡಬಹುದು.

ಕೋಟೆ ರಸ್ತೆಯ ಮನೆ ನೋಡುವವರು ಭಾನುವಾರವೂ ಒಮ್ಮೆ ಹೋಗಿ. ವಾರದ ದಿನ ಸುಮ್ಮನಿರುವ ರಸ್ತೆಯಲ್ಲಿ ಅವತ್ತು ಪ್ರವಾಸಿಗರ ಗಾಡಿ ತುಂಬಿರುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲು ನಿಲ್ಲುತ್ತವೆ.

ಬಾಡಿಗೆಯೋ, ಭೋಗ್ಯವೋ?

ಪೇಟೆಯಲ್ಲಿ “ಐದು ಲಕ್ಷ ಕೊಡಿ, ಮೂರು ವರ್ಷ ಇರಿ, ಬಾಡಿಗೆ ಬೇಡ” ಎನ್ನುವವರು ಸಿಗುತ್ತಾರೆ. ಲೀಸ್ ಅನ್ನಿ, ಭೋಗ್ಯ ಅನ್ನಿ, ಮನೆ ಬಿಡುವಾಗ ಆ ದುಡ್ಡು ವಾಪಸ್. ಲೆಕ್ಕ ಹೀಗೆ ಹಾಕಿ. ಆ ಐದು ಲಕ್ಷ ಬ್ಯಾಂಕಿನಲ್ಲಿ ಶೇ. 6.5ಕ್ಕೆ ಇಟ್ಟರೆ ವರ್ಷಕ್ಕೆ 32,500, ತಿಂಗಳಿಗೆ ಸುಮಾರು 2,700 ಬಡ್ಡಿ. ಅಂಥ ಮನೆಯ ಬಾಡಿಗೆ 7,000 ಇದ್ದರೆ ಭೋಗ್ಯ ಲಾಭ ಅನಿಸುತ್ತದೆ. ಸಾಲ ತಂದು ಕೊಡುವುದಾದರೆ ಶೇ. 12ರ ಬಡ್ಡಿಗೆ ತಿಂಗಳಿಗೆ 5,000 ಹೋಯಿತು, ಲಾಭ ಅರ್ಧ ಕರಗಿತು.

ನನ್ನ ಭಯ ಬಡ್ಡಿಯದ್ದಲ್ಲ, ಅಸಲಿನದ್ದು. ಹಳೇ ಪೇಟೆಯ ಮನೆಗಳು ಬಹಳಷ್ಟು ಅಣ್ಣತಮ್ಮಂದಿರ ಜಂಟಿ ಆಸ್ತಿ. ಅಜ್ಜನ ಹೆಸರಿನಲ್ಲೇ ಖಾತೆ ಉಳಿದಿರುತ್ತದೆ. ಒಬ್ಬ ತಮ್ಮ ಭೋಗ್ಯದ ದುಡ್ಡು ತೆಗೆದುಕೊಂಡು ಖರ್ಚು ಮಾಡಿರುತ್ತಾನೆ, ಇನ್ನೊಬ್ಬ ಅಣ್ಣ ಬಂದು ಮನೆ ಖಾಲಿ ಮಾಡಿ ಅನ್ನುತ್ತಾನೆ. ಹಾಗಾಗಿ ಖಾತೆ ಯಾರ ಹೆಸರಿನಲ್ಲಿದೆ ನೋಡಿ, ನಗರಸಭೆಗೆ ಕಂದಾಯ ಕಟ್ಟಿದ ರಸೀದಿ ನೋಡಿ, ಋಣಭಾರ ಪತ್ರ ತೆಗೆಸಿ. ಮನೆ ಮೇಲೆ ಬ್ಯಾಂಕ್ ಸಾಲ ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಕಾಣುತ್ತದೆ. ಹಕ್ಕಿರುವವರೆಲ್ಲ ಸಹಿ ಹಾಕಲಿ. ಒಂದು ವರ್ಷ ಮೀರಿದ ಲೀಸ್ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಲೇಬೇಕು. ಮೂರು ವರ್ಷದ ಭೋಗ್ಯವನ್ನು ಬರೀ ಛಾಪಾ ಕಾಗದದ ಮೇಲೆ ಬರೆದು ಐದು ಲಕ್ಷ ಕೊಡುವುದು ಬೇಡ. ಖರ್ಚು ಉಳಿಸಲು “ಅದೆಲ್ಲ ಯಾಕೆ, ನಾವು ನಂಬಿಕಸ್ತರು” ಅಂದರೆ ಬಾಡಿಗೆಗೇ ಹೋಗಿ.

ಬಾಡಿಗೆ ಕರಾರು 11 ತಿಂಗಳಿಗೆ ಬರೆಯುವುದು ಇದೇ ನೋಂದಣಿ ತಪ್ಪಿಸಲು. ಅದರಲ್ಲಿ ನೋಟಿಸ್ ಎಷ್ಟು ದಿನ ಅಂತ ಬರೆಸಿ. ಏನೂ ಬರೆಯದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು. ಹದಿನೈದು ದಿನದಲ್ಲಿ ಪೇಟೆಯಲ್ಲಿ ಇನ್ನೊಂದು ಮನೆ ಸಿಗುತ್ತದಾ? ಎರಡು ತಿಂಗಳು ಅಂತ ಬರೆಸಿ. ಅಡ್ವಾನ್ಸ್ ಯಾವಾಗ ವಾಪಸ್, ಪೇಂಟಿಂಗ್‌ಗೆ ಎಷ್ಟು ಹಿಡಿದುಕೊಳ್ಳುತ್ತಾರೆ, ಮೋಟಾರ್ ಸುಟ್ಟರೆ ಯಾರ ಖರ್ಚು, ಮಾಳಿಗೆ ಸೋರಿದರೆ ಎಷ್ಟು ದಿನದಲ್ಲಿ ಸರಿ ಮಾಡಿಸಬೇಕು, ಇವೂ ಇರಲಿ. ಮನೆಗೆ ಹೋಗುವ ದಿನ ಗೋಡೆ, ತೊಲೆ, ನೆಲದ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ಬಿಡುವ ದಿನ “ಇದನ್ನ ನೀವೇ ಹಾಳು ಮಾಡಿದ್ದು” ಎಂಬ ಮಾತು ಬರುವುದಿಲ್ಲ.

“ಯಾವ ಜನ ನೀವು?”

ಈ ಪ್ರಶ್ನೆ ಬಿಟ್ಟು ಪೇಟೆಯ ಬಾಡಿಗೆ ಮನೆ ಬಗ್ಗೆ ಬರೆದರೆ ಅದು ಅರ್ಧ ಬರಹ. ಮನೆ ತೋರಿಸುವ ಮುಂಚೆಯೇ ಜಾತಿ ಕೇಳುವವರು ಇದ್ದಾರೆ. ಕೆಲವರು ಸುತ್ತು ಬಳಸಿ, ಊರು ಯಾವುದು, ಮನೆದೇವರು ಯಾವುದು ಅಂತ ಕೇಳುತ್ತಾರೆ. ಉತ್ತರ ಕೇಳಿದ ಮೇಲೆ “ಮನೆ ಬೇರೆಯವರಿಗೆ ಹೇಳಾಗಿದೆ” ಎನ್ನುತ್ತಾರೆ. ಒಳ್ಳೇ ಕೆಲಸದಲ್ಲಿರುವ, ಹೇಳಿದ ದಿನ ಬಾಡಿಗೆ ಕೊಡುವ ಎಷ್ಟೋ ಮಂದಿ ಈ ಮಾತು ಕೇಳಿ ಕೇಳಿ ಬೇಸತ್ತು ಬಡಾವಣೆಗೆ ಹೋಗಿದ್ದಾರೆ. ಇದು ತಪ್ಪು, ನೇರವಾಗಿ ಹೇಳಬೇಕಾದ ತಪ್ಪು. ಓನರ್ ಆಗಿ ಇದನ್ನು ಓದುತ್ತಿರುವವರು ಇದ್ದರೆ, ಬಾಡಿಗೆ ಸರಿಯಾಗಿ ಕೊಡುತ್ತಾರಾ, ಮನೆ ಚೆನ್ನಾಗಿ ಇಟ್ಟುಕೊಳ್ಳುತ್ತಾರಾ ಎಂಬ ಎರಡು ಪ್ರಶ್ನೆ ಸಾಕು, ದಯವಿಟ್ಟು. ಮನೆ ಹುಡುಕುವವರಿಗೆ ನನ್ನ ಮಾತು: ನಿಮ್ಮನ್ನು ಬಲ್ಲ, ಆ ಓಣಿಯಲ್ಲೇ ಇರುವ ಸ್ನೇಹಿತರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಾಂಸದ ಅಡುಗೆ ಮಾಡುವವರಾದರೆ ಮೊದಲ ದಿನವೇ ಹೇಳಿಬಿಡಿ. ಮುಚ್ಚಿಟ್ಟು ಮನೆ ಹಿಡಿದರೆ ಪ್ರತಿ ಭಾನುವಾರ ಕಿಟಕಿ ಹಾಕಿಕೊಂಡು ಬದುಕಬೇಕಾಗುತ್ತದೆ. ಅಂಥ ಮನೆ ಎಷ್ಟು ಅಗ್ಗವಾದರೂ ಬೇಡ.

ಯಾವಾಗ ಹುಡುಕಬೇಕು

ಆಷಾಢದಲ್ಲಿ. ಆ ತಿಂಗಳು ಯಾರೂ ಮನೆ ಬದಲಿಸುವುದಿಲ್ಲ. ಖಾಲಿ ಬಿದ್ದ ಮನೆಯ ಓನರ್ ಆಗ ಬಾಡಿಗೆ, ಅಡ್ವಾನ್ಸ್ ಎರಡರಲ್ಲೂ ಸ್ವಲ್ಪ ಬಗ್ಗುತ್ತಾರೆ. ಏಪ್ರಿಲ್, ಮೇನಲ್ಲಿ ಶಾಲೆ ಅಡ್ಮಿಷನ್ ಸಮಯಕ್ಕೆ ಹೋದರೆ ಒಂದೇ ಮನೆಗೆ ನಾಲ್ಕು ಜನ ನಿಂತಿರುತ್ತಾರೆ. ಆಷಾಢದ ಮಳೆ ಗಾಳಿಗೆ ಮಾಳಿಗೆ ಸೋರುತ್ತದಾ ಅಂತಲೂ ಕಣ್ಣಾರೆ ನೋಡಬಹುದು. ಆದರೆ ನಮ್ಮ ಕಡೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದಕ್ಕೇ ಸೋರುವ ವಿಷಯ ಕರಾರಿನಲ್ಲಿ ಇರಲೇಬೇಕು. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಮೇಲೆ ಒಮ್ಮೆ, ನೀರು ಬಿಡುವ ದಿನ ಒಮ್ಮೆ ಆ ಓಣಿಗೆ ಹೋಗಿ ಬನ್ನಿ. ಮಾತು ಮುಗಿಸಿ ಸ್ವಲ್ಪ ಟೋಕನ್ ದುಡ್ಡು ಕೊಟ್ಟು ರಸೀದಿ ತೆಗೆದುಕೊಳ್ಳಿ. ಶ್ರಾವಣ ಬಂದ ಮೇಲೆ ಹಾಲು ಉಕ್ಕಿಸಿದರೆ ಆಯಿತು.